ನಾಲ್ಕನೇ ಮಹಡಿಯ ಗುಂಡಿ

ಗಂಡ ಹೆಂಡತಿ ಒಂದೇ ಕಟ್ಟಡದಲ್ಲಿ ಕೆಲಸ ಮಾಡಬಾರದು. ಮಾಡಿದರೂ ಆ ಕಟ್ಟಡದ ಏಸಿ ಗಂಡನ ಕೈಯಲ್ಲಿರಬಾರದು. ನನ್ನ ಹಣೆಯಲ್ಲಿ ಎರಡೂ ಬರೆದಿದ್ದವು.

ನಮ್ಮ ಆರು ಮಹಡಿಯ ಆಫೀಸಿಗೆ ತಂಪು ಒದಗಿಸುವ ದೈತ್ಯ ಯಂತ್ರ ತಾರಸಿಯ ಮೇಲಿದೆ. ಅದರ ಪಾಲಕ, ಪೋಷಕ, ಸೇವಕ ಎಲ್ಲ ನಾನೇ. ನನ್ನ ಹೆಂಡತಿ ನಾಲ್ಕನೇ ಮಹಡಿಯ ಲೆಕ್ಕಪತ್ರ ವಿಭಾಗದವಳು. ಕೊಳವೆಗಳಲ್ಲಿ ಓಡುವ ಗ್ಯಾಸು ಒಳಗಿನ ಶಾಖವನ್ನು ಹೊತ್ತೊಯ್ದು ಹೊರಗೆ ಚೆಲ್ಲಿ ಬರುತ್ತದೆ; ಚಳಿಗಾಲದಲ್ಲಿ ಅದೇ ಗ್ಯಾಸು ಹೊರಗಿನ ಶಾಖವನ್ನು ಒಳಗೆ ತಂದು ಸುರಿಯುತ್ತದೆ. ಇದನ್ನು ಮದುವೆಯಾದಂದಿನಿಂದ ಅವಳಿಗೆ ವಿವರಿಸುತ್ತಲೇ ಇದ್ದೇನೆ.

“ಯಂತ್ರದಲ್ಲಿರೋದಕ್ಕಿಂತ ನೀವು ಬಿಡೋ ಗ್ಯಾಸೇ ಜಾಸ್ತಿ ರೀ,” ಎನ್ನುತ್ತಾಳೆ. “ಬೆಳಿಗ್ಗೆ ಬೆನ್ನು ಸೆಟೆದುಕೊಳ್ಳುತ್ತೆ, ಮಧ್ಯಾಹ್ನ ಮೈ ಬೇಯುತ್ತೆ. ಕಟ್ಟಿಕೊಂಡವಳಿಗೇ ಹೀಗಾದ್ರೆ ಬೇರೆಯವರ ಗತಿಯೇನು?”

ಈ ದೂರು ನನ್ನ ಹಿಂದೆಯೇ ಮನೆಗೂ ಬರುತ್ತಿತ್ತು. ಅದಕ್ಕೆ ಭಾನುವಾರವೂ ರಜೆಯಿರಲಿಲ್ಲ. ಕೊನೆಗೆ ನನ್ನ ತಲೆಯಲ್ಲಿ ದಿವ್ಯ ಉಪಾಯವೊಂದು ಉದಯಿಸಿತು. ಅವಳ ಮೇಜಿನ ಪಕ್ಕದ ಗೋಡೆಗೆ ಅಂಕಿಗಳಿರುವ, ತಿರುಗುವ, ಚೆಂದದ ಗುಂಡಿಯೊಂದನ್ನು ಕೂರಿಸಿ, “ಇನ್ನು ನಿಮ್ಮ ಮಹಡಿಯ ಏಸಿ ನಿನ್ನ ಕೈಯಲ್ಲೇ,” ಎಂದೆ. ಅದರ ಹಿಂದೆ ತಂತಿಯಿರಲಿಲ್ಲ, ಬರೀ ಗೋಡೆಯಿತ್ತು. (ಗುಂಡಿ ಎಂದರೆ ಹಳ್ಳ ಎಂಬ ಅರ್ಥವೂ ಇದೆಯೆಂದು ಆಗ ಹೊಳೆಯಲಿಲ್ಲ.)

ಪವಾಡವೇ ನಡೆಯಿತು. ಅವಳು ಒಂದು ಗೆರೆ ತಿರುಗಿಸಿದರೆ ಇಡೀ ವಿಭಾಗ “ಈಗ ಹಿತವಾಯ್ತು” ಎನ್ನುತ್ತಿತ್ತು. ಮನೆಯಲ್ಲಿ ನನ್ನ ಬೆಲೆ ಏರಿತು. ಕೇಳದೆಯೇ ಎರಡನೇ ಲೋಟ ಕಾಫಿ ಬರತೊಡಗಿತು.

ಬೇಸಿಗೆಯ ಒಂದು ಮಧ್ಯಾಹ್ನ ತಾರಸಿಯ ಕೊಳವೆಯೊಂದರ ಬೆಸುಗೆ ಬಿಟ್ಟು ಗ್ಯಾಸೆಲ್ಲ ಸೋರಿಹೋಯಿತು. ಯಂತ್ರ ನಿಂತಿತು. ಎಲ್ಲ ಮಹಡಿಗಳಿಂದಲೂ ಶಾಪ ಬಂತು, ನಾಲ್ಕನೆಯದೊಂದನ್ನು ಬಿಟ್ಟು. ಮ್ಯಾನೇಜರ್ ಸಾಹೇಬರು ಬೆವರೊರೆಸಿಕೊಳ್ಳುತ್ತ ನನ್ನನ್ನು ಅಲ್ಲಿಗೆ ಎಳೆದೊಯ್ದರು.

“ನಿಮಗೆ ಸೆಕೆ ಆಗ್ತಿಲ್ವೇನಮ್ಮ?” ಎಂದು ನನ್ನ ಹೆಂಡತಿಯನ್ನು ಕೇಳಿದರು.

“ಸ್ವಲ್ಪ ಆಗಿತ್ತು ಸಾರ್. ಗುಂಡಿ ಎರಡು ಗೆರೆ ಇಳಿಸಿದೆ, ಸರಿಹೋಯ್ತು.”

ಸಾಹೇಬರು ನನ್ನತ್ತ ತಿರುಗಿದರು. “ಗ್ಯಾಸೇ ಇಲ್ಲ ಅಂದ್ರಿ. ಇಲ್ಲಿ ಮಾತ್ರ ಹೇಗ್ರೀ ನಡೀತಿದೆ?”

ನಿಜ ಹೇಳಿದರೆ ಮನೆ ಉಳಿಯದು, ಸುಳ್ಳು ಹೇಳಿದರೆ ಕೆಲಸ ಉಳಿಯದು. ನಾನು ಚಾವಣಿ ನೋಡಿದೆ.

ಇಲ್ಲಾದರೂ ತಂಪಿದೆಯಲ್ಲ ಎಂದು ಅವರು ಉಳಿದ ಮಹಡಿಯವರನ್ನೆಲ್ಲ ಅಲ್ಲಿಗೇ ಕರೆಸಿಕೊಂಡರು. ಜನ ತುಂಬಿ ಕೋಣೆ ಒಲೆಯಾಯಿತು. ಹೆಂಡತಿ ಗುಂಡಿ ತಿರುಗಿಸಿದಳು, ಮತ್ತೂ ತಿರುಗಿಸಿದಳು. ಗುಂಡಿ ಕಿತ್ತು ಕೈಗೇ ಬಂತು. ಅವಳು ಗೋಡೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಸಾಹೇಬರು ಕತ್ತು ಉದ್ದ ಮಾಡುವಷ್ಟರಲ್ಲಿ ಅದನ್ನು ಇದ್ದಲ್ಲಿಗೇ ಒತ್ತಿ, ಅಡ್ಡ ನಿಂತು, “ಇಷ್ಟು ಜನ ಸೇರಿದ್ರೆ ಪಾಪ ಇದು ತಾನೇ ಎಷ್ಟು ತಡೆಯುತ್ತೆ ಸಾರ್,” ಎಂದಳು.

ಹೆಂಡತಿಯ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆಂದೂ ಉಕ್ಕಿರಲಿಲ್ಲ.

ಬೆಸುಗೆ ಹಾಕಿ, ಹೊಸ ಗ್ಯಾಸು ತುಂಬಿಸಿ ಮನೆಗೆ ಹೋದರೆ ಅಲ್ಲಿ ಕಾಫಿ ಇರಲಿಲ್ಲ, ಷರತ್ತು ಇತ್ತು. ಇನ್ನು ಮೇಲೆ ಅವಳು ಗುಂಡಿ ಮುಟ್ಟಿದಾಗಲೆಲ್ಲ ಮಿಸ್ಡ್ ಕಾಲ್ ಕೊಡುತ್ತಾಳೆ: ಒಂದಾದರೆ ತಂಪು, ಎರಡಾದರೆ ಬಿಸಿ. ನಾನು ಎಲ್ಲಿದ್ದರೂ ತಾರಸಿಗೆ ಓಡಿ ನಾಲ್ಕನೇ ಮಹಡಿಯ ತಂಪನ್ನು ಹೆಚ್ಚುಕಡಿಮೆ ಮಾಡಬೇಕು. (ತಾರಸಿಗೆ ಲಿಫ್ಟು ಹೋಗುವುದಿಲ್ಲ.)

ನಿನ್ನೆ ನೆಲಮಹಡಿಯಲ್ಲಿ ಕೂತು ಊಟದ ಡಬ್ಬಿ ಬಿಚ್ಚಿದ್ದೆ. ಫೋನು ಒಮ್ಮೆ ಬಡಿದುಕೊಂಡು ನಿಂತಿತು. ನಾನೇ ಕರೆ ಮಾಡಿ, “ಎರಡು ತುತ್ತು ಉಂಡು ಹೋಗ್ತೀನಿ ಕಣೇ,” ಎಂದೆ.

“ನಿಧಾನವಾಗಿ ಊಟ ಮಾಡಿ, ಅವಸರವೇನು,” ಎಂದಳು ಬಲು ಮೃದುವಾಗಿ. “ಮ್ಯಾನೇಜರ್ ಸಾಹೇಬರು ಇಲ್ಲಿಗೇ ಬರ್ತಿದಾರೆ. ನೀವು ಉಂಡು ಮುಗಿಸೋವರೆಗೆ ಅವರಿಗೆ ಗುಂಡಿ ಹಿಂದಿನ ಗೋಡೆ ತೋರಿಸ್ತಿರ್ತೀನಿ.”

ಡಬ್ಬಿ ಮುಚ್ಚಿ ಮೆಟ್ಟಿಲು ಹತ್ತಿದೆ.