ರಸ್ತೆಗೆ ಹೋಗುವ ಮನೆ

ಸೋಮಾರಿತನಕ್ಕೆ ಸರ್ಕಾರದ ಮೊಹರು ಬಿದ್ದರೆ ಮನುಷ್ಯ ಎಷ್ಟು ನೆಮ್ಮದಿಯಿಂದ ಇರಬಹುದು ಎಂಬುದು ನನಗೆ ಚೆನ್ನಾಗಿ ಗೊತ್ತು. ಆ ನೆಮ್ಮದಿಯ ಭಾರವನ್ನೆಲ್ಲ ಹೆಂಡತಿಯ ಮಂಡಿಗಳು ಹೊತ್ತಿದ್ದವು ಎಂಬುದನ್ನು ಈಗ, ಈ ವಯಸ್ಸಿನಲ್ಲಿ, ಒಪ್ಪಿಕೊಳ್ಳುತ್ತಿದ್ದೇನೆ.

ನ್ಯಾಮತಿಯ ಅಂಚಿನಲ್ಲಿ, ಸಾಲಿನ ಕೊನೆಯ ಮನೆ ನಮ್ಮದು. ಹನ್ನೆರಡು ವರ್ಷದ ಹಿಂದೆ ಅಳತೆಯವರು ಬಂದು ಗೋಡೆಗೆ ಕೆಂಪು ಗುರುತು ಹಾಕಿ, ದೊಡ್ಡ ರಸ್ತೆ ಇಲ್ಲೇ ಹಾಯುತ್ತದೆ, ಇನ್ನು ಏನೂ ಕಟ್ಟುವಂತಿಲ್ಲ ಎಂದರು. ಮನೆ ಕೊಳ್ಳಲು ಬಂದವರು ಆ ಗುರುತು ನೋಡಿ, ನೀರು ಕುಡಿದು ಹೋದರು. ಹೆಂಚು ಒಡೆದರೂ, ಸುಣ್ಣ ಉದುರಿದರೂ ನನ್ನದು ಒಂದೇ ಮಾತು: "ಹೆಂಗೂ ರಸ್ತೆಗೆ ಹೋಗೋ ಮನೆ." ಮಧ್ಯಾಹ್ನ ಜಗಲಿಯ ಮಂಚದ ಮೇಲೆ ಕಣ್ಣು ಮುಚ್ಚಿದರೆ ಆ ರಸ್ತೆ ಮೆಲ್ಲಗೆ ಬರುತ್ತಿತ್ತು. ಜಗಳೂರಿನ ಕುರಿಗಳು ಪಡಸಾಲೆಯಲ್ಲಿ ಹಾದು ದೇವರ ಕೋಣೆಯ ಬಳಿ ತಿರುಗುತ್ತಿದ್ದವು. ಹೊನ್ನಾಳಿ ಬಸ್ಸು ಒಲೆಯ ಪಕ್ಕ ನಿಲ್ಲುತ್ತಿತ್ತು. ಕಂಡಕ್ಟರು ನನ್ನ ಹೆಂಡತಿ ಗಿರಿಜಮ್ಮನಿಗೆ "ಮುಂದೆ ಹೋಗ್ರಿ ಅಮ್ಮಾರೆ" ಅನ್ನುತ್ತಿದ್ದ. ನಾನು ಮಾತ್ರ ಮಲಗೇ ಇರುತ್ತಿದ್ದೆ. ಕನಸಿನಲ್ಲೂ ನನಗೆ ಏಳುವ ಕೆಲಸವಿರಲಿಲ್ಲ.

ಹೀಗೆ ಹತ್ತು ವರ್ಷ ಕಳೆದ ಮೇಲೆ ಹಿತ್ತಲ ಬಚ್ಚಲಿನ ಗೋಡೆ ಬಿತ್ತು. ಗಿರಿಜಮ್ಮ ಮಂಡಿನೋವಿನಲ್ಲಿ ಐದು ಮೆಟ್ಟಿಲು ಇಳಿದು ತಗಡಿನ ಮರೆಯಲ್ಲಿ ಸ್ನಾನ ಮಾಡತೊಡಗಿದಳು. "ಮನಿಯೊಳಗೆ ಒಂದು ಬಚ್ಚಲು ಕಟ್ಟಿಸ್ರಿ. ಬಾಗ್ಲು ಹಾಕ್ಕೊಂಡು ಮೈ ತೊಳ್ಕೋಬೇಕು, ಅಷ್ಟೆ" ಎಂದಳು. ಅಪ್ಪಣೆ ಕೇಳಲು ಕಚೇರಿಗೆ ಹೋದೆ. ಗುಮಾಸ್ತ ನಕ್ಷೆ ಬಿಡಿಸಿ, "ಯಜಮಾನ್ರೆ, ರಸ್ತೆ ಆ ಕಡೆ ಸರಿದೈತೆ. ನಿಮ್ಮನಿ ಉಳೀತು, ಏನ್ ಬೇಕಾದ್ರೂ ಕಟ್ಕೊಳ್ರಿ" ಎಂದ. ಸಂತೋಷವಾಗಬೇಕಿತ್ತು. ಬದಲಿಗೆ ಇಟ್ಟಿಗೆ, ಮರಳು, ಗಾರೆಯವರ ಹಿಂದಿನ ಓಡಾಟ ಎಲ್ಲ ಕಣ್ಣ ಮುಂದೆ ಬಂದು ನಿಂತಲ್ಲೇ ಸುಸ್ತಾಯಿತು. ಮನೆಗೆ ಬಂದು, "ಇನ್ನೂ ತೀರ್ಮಾನ ಆಗಿಲ್ಲಂತೆ" ಎಂದೆ. ಅವಳು ನಂಬಿದಳು. ಎರಡು ಮಳೆಗಾಲ ನಂಬಿದಳು.

ಈ ಆಷಾಢದಲ್ಲಿ ಅವಳು ಆ ಮೆಟ್ಟಿಲ ಮೇಲೆ ಜಾರಿದಳು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ನಾನು ಓಡಿಹೋಗಿ ಎಬ್ಬಿಸಿದರೆ, "ಇರ್ಲಿ ಬಿಡ್ರಿ, ರಸ್ತೆ ಬಂದ್ಮೇಲೆ ಹೊಸ ಮನ್ಯಾಗೆ ಎಲ್ಲಾ ಸರಿ ಹೋಗ್ತೈತೆ" ಎಂದು ನನಗೇ ಸಮಾಧಾನ ಹೇಳಿದಳು. ಅದನ್ನು ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟೆ.

ಗಿರಿಜಮ್ಮ ಬೈಯಲಿಲ್ಲ. ಮಂಡಿಗೆ ಎಣ್ಣೆ ತಿಕ್ಕುತ್ತ ಕೇಳಿದಳು: "ಎರಡು ವರ್ಷ ಇದನ್ನ ಹೊಟ್ಯಾಗಿಟ್ಕೊಂಡು ಹೆಂಗ್ ಕುಂತಿದ್ರಿ?"

"ಮಲಗಿದ್ದೆ" ಎಂದೆ. ಸತ್ಯ ಹೇಳುವ ಅಭ್ಯಾಸ ಆಗ ತಾನೇ ಶುರುವಾಗಿತ್ತು.

ಮರುದಿನ ಬೆಳಿಗ್ಗೆ ಅವಳೇ ಗಾರೆಯವನನ್ನು ಕರೆಸಿದಳು. ಅವನು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತ ಜಗಲಿಗೆ ಬಂದು, ನನ್ನ ಮಂಚದ ಕಾಲಿನ ಹತ್ತಿರ ನಿಂತ. "ಅಜ್ಜಾರೆ, ಸ್ವಲ್ಪ ಏಳ್ರಿ. ಬಚ್ಚಲು ಇಲ್ಲೇ ಬರ್ತೈತಂತೆ."

ನಾನು ಹೆಂಡತಿಯ ಮುಖ ನೋಡಿದೆ. "ಸರ್ಕಾರ ಕೇಳಿದ್ರೆ ಇಡೀ ಮನಿ ಬಿಡ್ತಿದ್ರಲ್ಲ" ಎಂದಳು. "ನನಗೆ ಇಷ್ಟು ಜಾಗ ಬಿಡ್ರಿ."

ಜಾಗ ಕಳೆದುಕೊಳ್ಳುವವರಿಗೆ ಸರ್ಕಾರ ಮೊದಲು ನೋಟೀಸು ಕೊಡುತ್ತದೆ, ತಕರಾರು ಹೇಳಲು ದಿನ ಕೊಡುತ್ತದೆ. ನನಗೆ ಸಿಕ್ಕಿದ್ದು ಕೈಯಲ್ಲಿದ್ದ ಚಹಾ ಮುಗಿಸುವಷ್ಟು ಹೊತ್ತು. ಅದನ್ನೂ ಅರ್ಧಕ್ಕೆ ಬಿಟ್ಟು ಎದ್ದೆ; ತಕರಾರು ಹೇಳುವ ಮುಖ ನನಗಿರಲಿಲ್ಲ.