ನಾಸ್ತಿಕನೊಬ್ಬ ಎತ್ತಿಗೆ ಶರಣಾದದ್ದು

ಎತ್ತು ಆರಿಸುವುದರಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆ ನನ್ನನ್ನು ಮೀರಿಸುವವರಿರಲಿಲ್ಲ. ಟವಲ್ಲಿನ ಮರೆಯಲ್ಲಿ ಬೆರಳು ಹಿಡಿದು ಎತ್ತಿನ ಬೆಲೆ ಕುದುರಿಸುತ್ತ ದಲ್ಲಾಳಿತನ ಮಾಡಿಯೇ ಮನೆ ಕಟ್ಟಿದವನು ನಾನು. ವ್ಯಾಪಾರ ಕುದುರಿದರೆ ಖುಷಿಗೆ ಸಾರಾಯಿ. ಕುದುರದಿದ್ದರೆ ಬೇಜಾರಿಗೆ ಸಾರಾಯಿ! ಕೊನೆಗೆ ಹೆಂಡತಿ ನಿಂಗಮ್ಮ ತವರುಮನೆ ಗಾವಡಗೆರೆಗೆ ಹೊರಟೇಬಿಟ್ಟಳು.

“ಕುಡಿಯಾದು ಬುಟ್ಮೇಲೆ ಬಂದು ಕರ್ಕೊಂಡೋಗಿ. ಅಲ್ಲೀಗಂಟ ನನ್ ಮೊಕ ನೋಡ್ಬ್ಯಾಡಿ!”

ಆಗ ಮೈಸೂರಿನ ಡಾಕ್ಟರೊಬ್ಬರು ಭಾನುವಾರ ಹುಣಸೂರಿಗೆ ಬಂದು ಕುಡುಕರ ಸಭೆ ನಡೆಸುತ್ತಿದ್ದರು. ಕುಡಿತ ಬಿಡಲು ಹನ್ನೆರಡು ಮೆಟ್ಟಿಲುಗಳಂತೆ. ಸಾರಾಯಿಯ ಮುಂದೆ ಸೋತೆ ಎಂದು ಒಪ್ಪುವುದು ಮೊದಲನೆಯದು. ಸಲೀಸಾಗಿ ಹತ್ತಿದೆ. ನೋಡಿದರೆ, ಅದರ ಮೇಲಿನ ಮೆಟ್ಟಿಲಲ್ಲೇ ದೇವರು ಕೂತಿದ್ದಾನೆ! ನಮಗಿಂತ ದೊಡ್ಡ ಶಕ್ತಿಯನ್ನು ನಂಬಿ, ನಮ್ಮನ್ನು ಅದಕ್ಕೆ ಒಪ್ಪಿಸಬೇಕಂತೆ.

“ದ್ಯಾವ್ರು ಗೀವ್ರು ನಾನು ನಂಬಾಕಿಲ್ಲ ಸ್ವಾಮಿ. ಆ ಮೆಟ್ಲು ಬುಟ್ಟು ಮಿಕ್ಕಿದ್ದು ಕೊಡಿ” ಎಂದು ಚೌಕಾಸಿಗಿಳಿದೆ.

ಡಾಕ್ಟರು ನಕ್ಕರು. “ದೇವರೇ ಆಗಬೇಕಿಲ್ಲ ಕಣಯ್ಯ. ನಿನಗಿಂತ ದೊಡ್ಡದು ಅಂತ ನಿನಗೆ ಅನ್ನಿಸಿದ್ದು ಯಾವುದಾದರೂ ಸರಿ.”

ಇದು ಇನ್ನೂ ಕಷ್ಟವಾಯಿತು. ತಹಶೀಲ್ದಾರರೇ? ವರ್ಗವಾಗಿ ಹೋಗುತ್ತಾರೆ. ಆಲದ ಮರವೇ? ಕಡಿದುಹಾಕುತ್ತಾರೆ. ತಲೆ ಕೆಟ್ಟು ಹೊರಗೆ ನೋಡಿದೆ. ಒಂಟೆತ್ತಿನ ಗಾಡಿಯ ಪಕ್ಕ ನನ್ನ ಎತ್ತು ಕೆಂದ ಮೆಲುಕು ಹಾಕುತ್ತಿದ್ದ. ನಾನು ಕುಡಿದು ಗಾಡಿಯಲ್ಲಿ ಬಿದ್ದಾಗಲೆಲ್ಲ ಮನೆ ಮುಟ್ಟಿಸಿದವನು ಅವನೇ. ಶಕ್ತಿಯೂ ಉಂಟು, ನನಗಿಂತ ದೊಡ್ಡವನೂ ಹೌದು! ಅಲ್ಲೇ ಶರಣಾದೆ.

ಕೆಲವು ವಾರ ಒಂದು ತೊಟ್ಟೂ ಮುಟ್ಟದೆ ಗಾವಡಗೆರೆಗೆ ಹೋದೆ. ನಿಂಗಮ್ಮ ನನ್ನ ಬಾಯಿ ಮೂಸಿ ನೋಡಿ, ಬಟ್ಟೆಗಂಟು ತಂದು ಗಾಡಿ ಹತ್ತಿದಳು. ದಾರಿಯಲ್ಲಿ ನನಗೆ ಜಂಭ ತಡೆಯಲಿಲ್ಲ. ಹಗ್ಗ ಬಿಟ್ಟು ಕೈಮುಗಿದೆ.

“ಅಯ್ಯೋ, ಹಗ್ಗ ಹಿಡ್ಕಳಿ!”

“ಬ್ಯಾಡ ಕಣಮ್ಮಿ. ನನ್ ಜೀವ್ನಾನೇ ಇವನ್ ಕಾಲ್ಗೆ ಒಪ್ಸಿವ್ನಿ” ಎಂದು ಭಕ್ತಿಯಿಂದ ಕಣ್ಣು ಮುಚ್ಚಿದೆ.

ಗಾಡಿ ತಿರುಗಿತು. ನಿಂತಿತು. ಕಣ್ಣು ಬಿಟ್ಟರೆ ಸಾರಾಯಿ ಅಂಗಡಿ!

“ಬನ್ನಿ ಅಣ್ಣೋ! ಶ್ಯಾನೆ ದಿನ ಆಯ್ತು!” ಅಂಗಡಿಯವನು ಎಂದಿನಂತೆ ಕೆಂದನ ಬಾಯಿಗೆ ಬೇಯಿಸಿದ ಹುರುಳಿ ಹಿಡಿದ; ನನ್ನ ಮುಂದೆ ಲೋಟ ಹಿಡಿದ.

“ಇದೇನಾ ನಿಮ್ ದ್ಯಾವ್ರು ತೋರ್ಸೋ ದಾರಿ?” ಎಂದಳು ನಿಂಗಮ್ಮ.

ಸಾರಾಯಿಯ ವಾಸನೆ ಮೂಗಿಗೆ ಬಡಿಯಿತು. ಆದರೂ ಲೋಟ ತಳ್ಳಿದೆ. ಹಗ್ಗ ಜಗ್ಗಿದೆ. ಕೆಂದ ಕದಲಲಿಲ್ಲ. ಇಳಿದು ಚಕ್ರ ನೂಕಿದೆ. ಅವನಿಗೆ ಇನ್ನೊಂದು ಹಿಡಿ ಹುರುಳಿ ಬೇಕು! ಅಷ್ಟರಲ್ಲಿ ನಿಂಗಮ್ಮ ಗಾಡಿಯಿಂದ ಧುಮುಕಿದಳು. ಹೋದಳು ಗಾವಡಗೆರೆಗೆ, ಮುಗಿಯಿತು ನನ್ನ ಸಂಸಾರ ಎಂದುಕೊಂಡೆ. ಅವಳು ನೇರವಾಗಿ ಹೋಗಿ ಕೆಂದನ ಮೂಗುದಾರ ಹಿಡಿದು ಹುಣಸೂರಿನ ಕಡೆ ಎಳೆದಳು.

“ನೀವು ಬುಟ್ಟಿದ್ದೀರಿ, ಕಣ್ಣಾರೆ ನೋಡ್ದೆ. ಬುಡ್ದೇ ಇರೋನು ಇವ್ನು! ಬರೋ ಬಾನ್ವಾರ ಸಬೆಗೆ ಇವನ್ನೂ ಕರ್ಕೊಂಡೋಗಿ!”

ದೇವರಿದ್ದಾನೋ ಇಲ್ಲವೋ, ನನಗಿನ್ನೂ ಬಗೆಹರಿದಿಲ್ಲ. ಆದರೆ ಒಂದು ಬುದ್ಧಿಮಾತು ಕೇಳಿ: ದೇವರನ್ನು ಆರಿಸುವಾಗ ಎತ್ತಿಗೆ ನೋಡುವಂತೆ ಹಲ್ಲು, ಸುಳಿ ನೋಡಿದರೆ ಸಾಲದು, ಯಾರ ಕೈಯಲ್ಲಿ ಪಳಗಿದೆ ಎಂದೂ ವಿಚಾರಿಸಿ. ನನ್ನ ದೇವರು ಪಳಗಿದ್ದು ನನ್ನ ಕೈಯಲ್ಲೇ!