ಲೆಕ್ಕಕ್ಕೆ ಸಿಗದ ಹೆಂಡತಿ

ಪ್ರಪಂಚದ ಯಾವ ಮೂಲೆಯ ಬಸ್ಸೇ ಆಗಲಿ, ರೈಟಣ್ಣ ‘ರೈಟ್’ ಅನ್ನದೆ ಒಂದಿಂಚೂ ಮುಂದಕ್ಕೆ ಉರುಳಲಾರದು! ಹೀಗೆಂದು ಊಟದ ಮೇಜಿನ ಮುಂದೆ ಎದೆಯುಬ್ಬಿಸಿ ಘೋಷಿಸಿದವನು ಬೇರೆ ಯಾರೂ ಅಲ್ಲ, ಸಾಕ್ಷಾತ್ ರೈಟಣ್ಣನೇ. ಮೂವತ್ತನಾಲ್ಕು ವರ್ಷ ಬಸ್ ಕಂಡಕ್ಟರಾಗಿ ದುಡಿದು, ಹಿಂದಿನ ತಿಂಗಳಷ್ಟೇ ನಿವೃತ್ತನಾದ ಮಹಾನುಭಾವ. ಕೂಗಿದ ಕೂಗೇ ಹೆಸರಾಗಿ ಅಂಟಿಕೊಂಡು, ಅಪ್ಪ ಅಮ್ಮ ಇಟ್ಟ ಹೆಸರು ಪಿಂಚಣಿ ಕಾಗದದಲ್ಲಿ ಮಾತ್ರ ಉಳಿದಿತ್ತು.

ಗಂಡ ಹೆಂಡತಿ ಇಬ್ಬರೂ ಬೆನ್ನಿಗೊಂದೊಂದು ಚೀಲ ಏರಿಸಿಕೊಂಡು ಭೂಮಿ ಸುತ್ತಿ ಬರುವುದೆಂದು ತೀರ್ಮಾನವಾಗಿತ್ತು. ಅಂದರೆ, ತೀರ್ಮಾನ ಮಾಡಿದ್ದು ರೈಟಣ್ಣ. ಮಗಳಿಗೆ ಎದೆ ಢವಢವ.

“ಅಪ್ಪಾ, ಸುಮ್ನೆ ಯಾವುದಾದ್ರೂ ಗುಂಪಿನ ಜೊತೆ ಹೋಗಿ. ಅವರೇ ಕರ್ಕೊಂಡು ಹೋಗ್ತಾರೆ, ಅವರೇ ಕರ್ಕೊಂಡು ಬರ್ತಾರೆ.”

“ಬಾವುಟ ಹಿಡಿದೋನ ಹಿಂದೆ ತಲೆ ತಗ್ಗಿಸ್ಕೊಂಡು ಹೋಗೋಕೆ ನಾನೇನು ಕುರಿನಾ?”

“ಅಮ್ಮನ್ನ ಎಲ್ಲಾದ್ರೂ ಬಿಟ್ಟು ಬಂದ್ಬಿಟ್ರೆ?”

“ಏನಂದೆ? ಬಿಟ್ಟು ಬರೋದಾ! ಮೂವತ್ನಾಲ್ಕು ವರ್ಷದಲ್ಲಿ ಒಬ್ಬನೇ ಒಬ್ಬ ಪ್ಯಾಸೆಂಜರ್‌ನ ದಾರೀಲಿ ಬಿಟ್ಟು ಬಂದೋನಲ್ಲ ನಾನು. ಕಟ್ಕೊಂಡ ಹೆಂಡ್ತೀನ ಬಿಟ್ಟು ಬರ್ತೀನಾ?”

ಹೊಲಿಗೆ ಮೆಷಿನ್ನಿನ ಕಡೆಯಿಂದ “ಹೂಂ” ಎಂಬ ಸಣ್ಣ ಶಬ್ದ ಬಂತು. ಅದು ರೈಟಣ್ಣನ ಹೆಂಡತಿ. ಬೀದಿಯವರ ಬಾಯಲ್ಲಿ ಟೈಲರಮ್ಮ. ಅವಳ ‘ಹೂಂ’ಗೆ ಒಪ್ಪಿಗೆ, ಅನುಮಾನ, ಎಚ್ಚರಿಕೆ, ‘ಊಟ ಆರಿಹೋಗ್ತಿದೆ’ ಹೀಗೆ ನಾನಾ ಅರ್ಥಗಳುಂಟು. ರೈಟಣ್ಣ ತನಗೆ ಬೇಕಾದ ಅರ್ಥವನ್ನು ತೆಗೆದುಕೊಂಡು ಮುಂದುವರಿದ. ಬಸ್ಸಿನ ಸೀಟಿಗೆ ಹಾಕುವ ನೀಲಿ ರೆಕ್ಸಿನ್ನಿನಲ್ಲಿ ಅವಳೇ ಎರಡು ಚೀಲ ಹೊಲಿದಳು. ಬೇರೆ ಬಟ್ಟೆಯ ಚೀಲಕ್ಕೆ ಒರಗಿದರೆ ಗಂಡನಿಗೆ ನಿದ್ದೆ ಹತ್ತುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಆರು ದೇಶ ಸಾಂಗವಾಗಿ ಮುಗಿದವು. ಒಂದು ಕಡೆ ಹನ್ನೆರಡು ಜನ ಮಲಗುವ ಕೋಣೆಯಲ್ಲಿ ರೈಟಣ್ಣನಿಗೆ ಮೇಲಿನ ಮಂಚ ಸಿಕ್ಕಿ, ಹತ್ತಲು ಬಂದದ್ದು ಇಳಿಯಲು ಬಾರದೆ, ಬೆಳಿಗ್ಗೆ ಇಬ್ಬರು ಹುಡುಗಿಯರು ಅವನನ್ನು ಅಟ್ಟದ ಮೇಲಿನ ಸಾಮಾನಿನಂತೆ ಇಳಿಸಿಕೊಂಡರು. ಇನ್ನೊಂದು ಕಡೆ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ಮೂರು ಗಂಟೆ ನಡೆದು, ಹೊರಟ ಬಾಗಿಲಿಗೇ ಬಂದು ನಿಂತು, “ನೋಡು, ಹೇಗೆ ಕರ್ಕೊಂಡ್ ಬಂದೆ!” ಎಂದ. ಟೈಲರಮ್ಮ ನಗುತ್ತ ಹಿಂದೆ ಹಿಂದೆ ನಡೆದಳು. ಅವಳಿಗೆ ಊರು ನೋಡುವುದಕ್ಕಿಂತ ಗಂಡ ಎದುರಿಗೆ ಕೂತು ಊಟ ಮಾಡುವುದನ್ನು ನೋಡುವುದೇ ಹೊಸದು. ಮೊದಲ ಬಸ್ಸಿಗೆ ಹೋಗಿ ಕೊನೆಯ ಬಸ್ಸಿಗೆ ಬರುತ್ತಿದ್ದ ಮನುಷ್ಯ. ಮದುವೆಯಾದಾಗಿನಿಂದ ಒಟ್ಟಿಗೆ ಉಂಡದ್ದಕ್ಕಿಂತ ಹೆಚ್ಚು ಸಲ ಈ ಆರು ದೇಶಗಳಲ್ಲಿ ಉಂಡಿದ್ದರು.

ಏಳನೇ ದೇಶದಲ್ಲಿ ಎಡವಟ್ಟಾಯಿತು.

ಬೆಟ್ಟದ ಮೇಲಿನ ಒಂದು ಊರಿಗೆ ಬಸ್ಸು ಹತ್ತಿದರು. ಒಂಬತ್ತು ಗಂಟೆಯ ದಾರಿ. ಸೀಟಿನಲ್ಲಿ ಕೂತು ಸುತ್ತ ಕಣ್ಣಾಡಿಸಿದ ರೈಟಣ್ಣನ ಮುಖ ಕಪ್ಪಿಟ್ಟಿತು.

“ಏ ಇವಳೇ, ಕಂಡಕ್ಟರ್ ಎಲ್ಲಿ?”

“ಡ್ರೈವರೇ ಟಿಕೆಟ್ ಕೊಟ್ನಲ್ಲ. ಕಂಡಕ್ಟರ್ ಇಲ್ಲ ಅನ್ಸುತ್ತೆ.”

“ಕಂಡಕ್ಟರ್ ಇಲ್ಲದ ಬಸ್ಸಾ! ಇದೇನು ಬಸ್ಸೋ, ಗಾಲಿ ಹಾಕಿದ ಪೆಟ್ಟಿಗೆಯೋ?”

“ಬೇಡ ರೀ. ಸುಮ್ನೆ ಕೂತ್ಕೊಳ್ಳಿ.”

ಕೂರುವ ಜೀವವೇ ಅದು? ಮೊದಲ ನಿಲ್ದಾಣ ಬರುವಷ್ಟರಲ್ಲಿ ರೈಟಣ್ಣ ಎದ್ದು ಬಾಗಿಲಿನ ಹತ್ತಿರ ಹಾಜರ್. “ಒಳಗೆ ನಡೀರಿ, ಒಳಗೆ ನಡೀರಿ, ಹಿಂದೆ ಜಾಗ ಖಾಲಿ ಇದೆ!” ಎಂದು ಅಚ್ಚ ಕನ್ನಡದಲ್ಲಿ ಗದರಿದ. ಏನಾಶ್ಚರ್ಯ! ಜನ ಒಳಗೆ ನಡೆದರು. ಕಂಡಕ್ಟರನ ದನಿಗೆ ಭಾಷೆ ಬೇಕಿಲ್ಲ. ಒಬ್ಬ ಅಜ್ಜಿಯ ಗಂಟನ್ನು ಮೇಲಿಟ್ಟ. ಕಾಲು ಚಾಚಿದ್ದ ಧಡಿಯನ ಕಾಲು ಮಡಚಿಸಿದ. ತಲೆ ಎಣಿಸಿದ. ಬಸ್ಸಿನ ಮೈಗೆ ಎರಡು ಸಲ ಪಟಪಟ ತಟ್ಟಿ “ರೈಟ್!” ಎಂದ. ಎರಡು ತಟ್ಟಿದರೆ ಹೊರಡು, ಒಂದು ತಟ್ಟಿದರೆ ನಿಲ್ಲು: ಇದು ಅವನ ಪಾಲಿಗೆ ಬ್ರಹ್ಮಾಂಡದ ನಿಯಮ. ದಪ್ಪ ಮೀಸೆಯ ಡ್ರೈವರ್ ಮೊದಲು ಬೆಚ್ಚಿ ಬಿದ್ದ, ಆಮೇಲೆ ಕನ್ನಡಿಯಲ್ಲಿ ನೋಡಿ ನಕ್ಕ, ಆಮೇಲೆ ಗಾಡಿ ಬಿಟ್ಟ. ಎರಡನೇ ನಿಲ್ದಾಣದಲ್ಲಿ ರೈಟಣ್ಣ ತಟ್ಟುವ ತನಕ ತಾನೇ ಕಾದ!

ಇನ್ನು ಕೇಳಬೇಕೆ? ರೈಟಣ್ಣನಿಗೆ ನಿವೃತ್ತಿಯ ತಿಂಗಳುಗಳೆಲ್ಲ ಒಂದೇ ಏಟಿಗೆ ಮರೆತುಹೋದವು.

ಮೂರನೇ ನಿಲ್ದಾಣ ಒಂದು ಒಂಟಿ ಕಟ್ಟಡ. ಒಂದು ಬೆಂಚು, ಒಂದು ಅಂಗಡಿ, ಹಿಂದುಗಡೆ ಶೌಚಾಲಯ.

“ರೀ, ಹೋಗಿ ಬಂದ್ಬಿಡ್ತೀನಿ. ಬಸ್ಸು ನೋಡ್ಕೊಳ್ಳಿ.”

“ಆರಾಮಾಗಿ ಹೋಗಿ ಬಾ. ನಾನಿಲ್ವಾ?”

ಐದು ನಿಮಿಷ ಕಳೆಯಿತು. ಜನ ಒಬ್ಬೊಬ್ಬರೇ ಹತ್ತಿದರು. ರೈಟಣ್ಣ ಹಿಂದಿನಿಂದ ಮುಂದಕ್ಕೆ ಎಣಿಸಿದ. ಇಪ್ಪತ್ತಮೂರು. ಜನ ಇಳಿಯುವ ಮುಂಚೆಯೂ ಇಪ್ಪತ್ತಮೂರು, ಈಗಲೂ ಇಪ್ಪತ್ತಮೂರು. ಲೆಕ್ಕ ಪಕ್ಕಾ! ಪಟಪಟ! “ರೈಟ್!”

ಬಸ್ಸು ಬೆಟ್ಟದ ತಿರುವುಗಳನ್ನು ಏರತೊಡಗಿತು. ರೈಟಣ್ಣ ಸುಖವಾಗಿ ಬಂದು ಸೀಟಿಗೆ ಒರಗಿದ. “ನೋಡಿದ್ಯಾ ಡ್ರೈವರ್ ಹೇಗೆ ಮಾತು ಕೇಳ್ತಾನೆ? ಆ ಅಜ್ಜಿ ನಂಗೆ ಕೈ ಮುಗಿದಳು, ನೋಡಿದ್ಯಾ?” ಎಂದು ಕಿಟಕಿಯಾಚೆ ಕಣಿವೆ ನೋಡುತ್ತ ಕಾಲು ಗಂಟೆ ತನ್ನ ಪ್ರತಾಪ ಕೊರೆದ. ಪಕ್ಕದಿಂದ ‘ಹೂಂ’ ಬರಲಿಲ್ಲ. ತಿರುಗಿದ. ಅಷ್ಟೂ ಹೊತ್ತು ಅವನ ಮಾತು ಕೇಳುತ್ತ ಕೂತಿದ್ದುದು ನೀಲಿ ಚೀಲ!

ರೈಟಣ್ಣ ಅವಳಿಗೆ ಫೋನ್ ಮಾಡಿದ. ಚೀಲದ ಒಳಗಿಂದ ಟ್ರಿಣ್ ಟ್ರಿಣ್ ಎಂದಿತು.

“ಹೋಲ್ಡಾನ್! ಹೋಲ್ಡಾನ್!” ಬಸ್ಸಿನ ಮೈಗೆ ಒಂದೇ ಏಟು. ಬ್ರಹ್ಮಾಂಡದ ನಿಯಮದಂತೆ ಬಸ್ಸು ಗಕ್ಕನೆ ನಿಂತಿತು.

“ಹೆಂಡ್ತಿ! ನನ್ನ ಹೆಂಡ್ತಿ!” ಎಂದು ಕೂಗಿದ. ಬಸ್ಸಿನವರೆಲ್ಲ ಮುಖ ಮುಖ ನೋಡಿಕೊಂಡು, “ಎಂಡ್ತಿ? ಎಂಡ್ತಿ?” ಎಂದು ಪಾಠ ಒಪ್ಪಿಸಿದರು. ಮೀಸೆ ಡ್ರೈವರ್ ಬೆಟ್ಟದ ತುದಿಯ ಕಡೆ ಕೈ ತೋರಿಸಿದ. ಮುಂದಿನ ಊರು ಯಾವುದೆಂದು ಕೇಳುತ್ತಿದ್ದಾನೆ ಅಂದುಕೊಂಡಿರಬೇಕು. ರೈಟಣ್ಣ ಹಿಂದಕ್ಕೆ ಬೆರಳು ತೋರಿಸಿ, ಶೌಚಾಲಯವೆಂದು ಸೂಚಿಸಲು ಹೊಟ್ಟೆ ಹಿಡಿದುಕೊಂಡು ಕುಣಿದ. ಡ್ರೈವರ್ ಅರ್ಥವಾದವನಂತೆ ತಲೆಯಾಡಿಸಿ, ಬಾಗಿಲು ತೆರೆದು, ಪಕ್ಕದ ಪೊದೆ ತೋರಿಸಿದ!

ರೈಟಣ್ಣ ಪೊದೆಗೆ ಹೋಗಲಿಲ್ಲ. ಬೆನ್ನಿಗೊಂದು, ಎದೆಗೊಂದು ಚೀಲ ಏರಿಸಿಕೊಂಡು, ಬಂದ ದಾರಿಯಲ್ಲೇ ಓಡಿದ.

ಓಟ ಎರಡು ತಿರುವಿಗೆ ನಡಿಗೆಯಾಯಿತು, ನಾಲ್ಕಕ್ಕೆ ತೇಕುವುದಾಯಿತು. ದಾರಿಯುದ್ದಕ್ಕೂ ಒಂದೇ ಪ್ರಶ್ನೆ. ಲೆಕ್ಕ ಸರಿ ಇತ್ತಲ್ಲ! ಇಪ್ಪತ್ತಮೂರು ಇತ್ತಲ್ಲ! ಐದನೇ ತಿರುವಿನಲ್ಲಿ ಉತ್ತರ ಹೊಳೆದು, ರೈಟಣ್ಣ ನಡು ರಸ್ತೆಯಲ್ಲೇ ನಿಂತುಬಿಟ್ಟ. ಹೆಂಡತಿ ಅಪರೂಪಕ್ಕೆ ಅವನ ಬಸ್ಸು ಹತ್ತಿದರೆ ಅವಳದು ಮನೆಯವರ ಪಾಸು, ಟಿಕೆಟ್ಟಿಲ್ಲ. ಅವಳ ತಲೆ ಸೇರಿಸಿದರೆ ಟಿಕೆಟ್ಟಿಗೂ ತಲೆಗೂ ತಾಳೆಯಾಗುತ್ತಿರಲಿಲ್ಲ. ಹಾಗಾಗಿ ಅವಳ ಸೀಟು ಬಂದಾಗ ಅವನ ಕಣ್ಣು ತಾನಾಗಿಯೇ ಮುಂದಿನ ಸೀಟಿಗೆ ಹಾರುತ್ತಿತ್ತು. ಇವತ್ತು ಬೆಳಿಗ್ಗೆಯೂ ಹಾರಿತ್ತು. ಅವಳು ಬಸ್ಸಿನಲ್ಲಿದ್ದಾಗಲೂ ಇಪ್ಪತ್ತಮೂರೇ, ಇಲ್ಲದಾಗಲೂ ಇಪ್ಪತ್ತಮೂರೇ!

ರೈಟಣ್ಣನಿಗೆ ಅಳು ಬಂತು. ಮರೆಮಾಚುವುದೇಕೆ, ಗೊಳೋ ಎಂದು ಅತ್ತ. ಊರಿನವರನ್ನೆಲ್ಲ ಎಣಿಸಿ ಎಣಿಸಿ ಮನೆ ಮುಟ್ಟಿಸಿದ, ಇವಳೊಬ್ಬಳನ್ನು ಒಂದು ದಿನವೂ ಎಣಿಸಲಿಲ್ಲವಲ್ಲ! ಭಾಷೆ ಬಾರದವಳು. ಪಾಸ್‌ಪೋರ್ಟು ಇವನ ಜೇಬಿನಲ್ಲಿ, ಫೋನು ಇವನ ಎದೆಯ ಮೇಲಿನ ಚೀಲದಲ್ಲಿ. ಆ ನಿಲ್ದಾಣ ಬಿಟ್ಟು ಇನ್ನೆಲ್ಲಿಗಾದರೂ ಹೊರಟುಬಿಟ್ಟಿದ್ದರೆ ಹುಡುಕುವುದೆಲ್ಲಿ?

ಆಗ ಹಿಂದೆ ಹಾರನ್ ಕೇಳಿಸಿತು. ನೋಡಿದರೆ ಅದೇ ಬಸ್ಸು! ಮೇಲೆಲ್ಲೋ ಅಗಲ ಜಾಗ ಹುಡುಕಿ, ತಿರುಗಿಸಿಕೊಂಡು, ಇಪ್ಪತ್ತಮೂರು ಜನರ ಸಮೇತ ಬಂದಿತ್ತು. ಖಾಲಿ ಸೀಟು ನೋಡಿ ಅರ್ಥ ಮಾಡಿಕೊಂಡವಳು ಆ ಗಂಟಿನ ಅಜ್ಜಿ. ಬಾಗಿಲಲ್ಲೇ ನಿಂತು ರೈಟಣ್ಣನ ತೋಳು ಹಿಡಿದು ಒಳಗೆಳೆದುಕೊಂಡು ತನ್ನ ಭಾಷೆಯಲ್ಲಿ ಚೆನ್ನಾಗಿ ಬೈದಳು. ಬೈಗುಳಕ್ಕೂ ಭಾಷೆ ಬೇಕಿಲ್ಲ. ರೈಟಣ್ಣ ತಲೆ ತಗ್ಗಿಸಿ ಅಷ್ಟನ್ನೂ ಸ್ವೀಕರಿಸಿದ.

ನಿಲ್ದಾಣ ಬಂತು. ಬೆಂಚಿನ ಮೇಲೆ ಯಾರೂ ಇಲ್ಲ! ರೈಟಣ್ಣ ಚೀಲಗಳೆರಡನ್ನೂ ಅಲ್ಲೇ ಬೆಂಚಿನ ಮೇಲೆ ಕಳಚಿ ಕಟ್ಟಡದ ಹಿಂದಕ್ಕೆ ಓಡಿದ. ಶೌಚಾಲಯದ ಪಕ್ಕ ಒಂದು ಪುಟ್ಟ ಕೋಣೆ. ಶೌಚಾಲಯ ನೋಡಿಕೊಳ್ಳುವ ಹೆಂಗಸು ಸ್ಟೂಲಿನ ಮೇಲೆ ಕೂತಿದ್ದಾಳೆ. ಎದುರಿಗೆ ಟೈಲರಮ್ಮ, ಆ ಹೆಂಗಸಿನ ಹರಿದ ಕೋಟು ತೊಡೆಯ ಮೇಲೆ ಹರವಿಕೊಂಡು ತನ್ನ ಪಾಡಿಗೆ ತಾನು ಹೊಲಿಯುತ್ತಿದ್ದಾಳೆ. ಸೂಜಿ ದಾರ ಇಲ್ಲದೆ ಅವಳು ಶೌಚಾಲಯಕ್ಕೂ ಹೋಗುವವಳಲ್ಲ.

“ಬಂದ್ರಾ?” ಎಂದಳು, ತಲೆಯೆತ್ತದೆ.

“ಬಂದೆ ಕಣೇ. ನಾನು... ನಾನು ನಿನ್ನ ಎಣಿಸ್ಲಿಲ್ಲ ಕಣೇ.”

“ಗೊತ್ತು.”

“ಗೊತ್ತಾ?”

“ನಿಮ್ಮ ಬಸ್ಸು ಹತ್ತಿದಾಗೆಲ್ಲ ನೋಡ್ತಿದ್ದೆನಲ್ಲ. ಪಕ್ಕದವರ ತನಕ ಬರ್ತೀರಿ, ನನ್ನ ಬಿಟ್ಟು ಆ ಕಡೆಯವರಿಗೆ ಹೋಗ್ತೀರಿ. ಇವತ್ತಾದ್ರೂ ಎಣಿಸ್ತಾರೇನೋ ಅಂತ ಪ್ರತಿ ಸಲ ತಲೆ ಸ್ವಲ್ಪ ಎತ್ತಿ ಕೂರ್ತಿದ್ದೆ.”

ರೈಟಣ್ಣನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ಅವಳ ಕಾಲ ಬಳಿಯೇ ಕುಕ್ಕರಿಸಿದ.

“ಭಯ ಆಯ್ತಾ?”

“ನಂಗ್ಯಾಕೆ ಭಯ? ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗ್ತಿದ್ರಿ, ರಾತ್ರಿ ಬರ್ತಿದ್ರಿ. ಇವತ್ತೂ ಬರ್ತೀರಿ ಅಂತ ಗೊತ್ತಿತ್ತು. ಒಂಚೂರೂ ಭಯ ಆಗ್ಲಿಲ್ಲ.” ದಾರವನ್ನು ಹಲ್ಲಿನಿಂದ ಕಡಿದು, ಕೋಟನ್ನು ಕೊಡವಿ ಕೊಟ್ಟಳು.

ಆ ಹೆಂಗಸು ಸಂತೋಷದಿಂದ ಕೋಟು ತೊಟ್ಟಳು. ಬಲಗೈ ಹೊರಬಂತು. ಎಡಗೈ ಬರಲಿಲ್ಲ. ತಳ್ಳಿದಳು, ಜಗ್ಗಿದಳು, ಕೊಡವಿದಳು. ಬರುವುದೆಲ್ಲಿಂದ? ಟೈಲರಮ್ಮ ತೋಳಿನ ಬಾಯನ್ನೇ ಹೊಲಿದುಬಿಟ್ಟಿದ್ದಳು! ಅದೂ ಒಂದು ಸಲವಲ್ಲ, ಮೂರು ಸಲ, ಒತ್ತೊತ್ತಾಗಿ! ಬೀದಿಗೆಲ್ಲ ಕಣ್ಣು ಮುಚ್ಚಿ ಹೊಲಿದುಕೊಡುತ್ತಿದ್ದ ಕೈ ಅದು.

ಟೈಲರಮ್ಮ ಒಂದು ಕ್ಷಣ ಆ ತೋಳನ್ನೇ ನೋಡಿದಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು. ರೈಟಣ್ಣ ಅವಳ ಭುಜ ತಬ್ಬಿಕೊಂಡ. ತಾನೂ ಅತ್ತ. ಸೆರಗಿನೊಳಗಿನ ಅಳು ಯಾವಾಗ ನಗುವಾಯಿತೋ ತಿಳಿಯಲಿಲ್ಲ. ಕೋಟಿನ ಹೆಂಗಸು ಒಂದೇ ಕೈಯಲ್ಲಿ ಇಬ್ಬರ ಬೆನ್ನೂ ಸವರಿದಳು. ಇನ್ನೊಂದು ಕೈ ಇನ್ನೂ ಒಳಗೇ ಇತ್ತು.

ತೋಳು ಬಿಚ್ಚಿ, ಸರಿಯಾಗಿ ಹೊಲಿದು ಕೊಟ್ಟು, ಇಬ್ಬರೂ ಕೈ ಕೈ ಹಿಡಿದುಕೊಂಡು ಓಡಿ ಬಂದು ಬಸ್ಸು ಹತ್ತಿದರು. ಬಸ್ಸೆಲ್ಲ “ಎಂಡ್ತಿ! ಎಂಡ್ತಿ!” ಎಂದು ಚಪ್ಪಾಳೆ ತಟ್ಟಿತು. ಟೈಲರಮ್ಮ ನಾಚಿ ಕೆಂಪಾಗಿ ಸೀಟಿನಲ್ಲಿ ಕೂತಳು. ಮೀಸೆ ಡ್ರೈವರ್ ಕನ್ನಡಿಯಲ್ಲಿ ಕಾಯುತ್ತಿದ್ದ. ರೈಟಣ್ಣ ಹೆಂಡತಿಯ ತಲೆಯ ಮೇಲೆ ಅಂಗೈಯಿಟ್ಟು, ಬಸ್ಸಿಗೆಲ್ಲ ಕೇಳುವಂತೆ “ಒಂದು!” ಎಂದ. ಅಲ್ಲಿಂದ ಎಣಿಸುತ್ತ ಹೋದ. ಇಪ್ಪತ್ತನಾಲ್ಕು! ಜನ್ಮದಲ್ಲಿ ಮೊದಲ ಬಾರಿಗೆ ಲೆಕ್ಕ ಸರಿಯಾಗಿತ್ತು. ಪಟಪಟ! “ರೈಟ್!”

ಬಸ್ಸು ಬೆಟ್ಟ ಏರಿತು. ರೈಟಣ್ಣ ಹೆಂಡತಿಯ ಪಕ್ಕ ಕೂತು, ಅವಳ ಕೈ ಬಿಡದೆ, ಹಾಯಾಗಿ ಹಿಂದಕ್ಕೆ ಒರಗಿದ. ಬೆನ್ನಿಗೆ ಎಂದಿನ ಮೆತ್ತೆ ತಗಲಲಿಲ್ಲ. ತಡವಿ ನೋಡಿದ. ಎದ್ದು ನೋಡಿದ. ಹಿಂದಿನ ಗಾಜಿನಲ್ಲಿ ಇಣುಕಿದ. ಕೆಳಗೆ, ದೂರದಲ್ಲಿ, ನಿಲ್ದಾಣದ ಬೆಂಚಿನ ಮೇಲೆ ಎರಡು ನೀಲಿ ಚೀಲಗಳು ಒಂದಕ್ಕೊಂದು ಒರಗಿಕೊಂಡು ಕೂತಿದ್ದವು.

ರೈಟಣ್ಣ ಕೈ ಎತ್ತಿದ. ಅಜ್ಜಿಯ ಮುಖ ನೋಡಿದ. ಡ್ರೈವರನ ಮೀಸೆ ನೋಡಿದ. ಬಸ್ಸಿನ ಮೈಗೆ ಇನ್ನೊಮ್ಮೆ ತಟ್ಟುವ ಧೈರ್ಯ ಬರಲಿಲ್ಲ. ಮೆಲ್ಲನೆ ಬಂದು ಕೂತು ಹೆಂಡತಿಯ ಕಿವಿಯಲ್ಲಿ ವಿಷಯ ಹೇಳಿದ.

ಟೈಲರಮ್ಮ ತಿರುಗಿ ಒಮ್ಮೆ ಹಿಂದಿನ ಗಾಜಿನ ಕಡೆ ನೋಡಿದಳು. ಆಮೇಲೆ ಅವನ ಭುಜಕ್ಕೆ ತಲೆಯಾನಿಸಿದಳು.

“ಇರಲಿ ಬಿಡಿ ರೀ,” ಎಂದಳು. “ಅವರಿಬ್ಬರನ್ನಾದ್ರೂ ಒಟ್ಟಿಗೇ ಬಿಟ್ಟು ಬಂದಿದ್ದೀರಲ್ಲ!”